ಕಥೆಯ ಸಂಭಾಷಣೆಗೆ ಮೂರು ದಾರಿ: ನೆನಪು, ರೆಕಾರ್ಡಿಂಗ್, ಟಿಪ್ಪಣಿ

ರಾಯಚೂರಿನ ಗಂಜ್‌ಗೆ (ಕೃಷಿ ಮಾರುಕಟ್ಟೆಗೆ) ಹತ್ತಿ ತಂದ ರೈತನಿಗೂ ದಲಾಲಿ ಅಂಗಡಿಯ ಸಾಹುಕಾರನಿಗೂ ನಡೆಯುವ ಮಾತುಕತೆಯೊಂದನ್ನು ಕಥೆಗಾಗಿ ನಾನು ಮೂರು ವಿಧಾನಗಳಲ್ಲಿ ಬರೆದು ನೋಡಿದ್ದೇನೆ: ಮನೆಯಲ್ಲಿ ಕುಳಿತು ನೆನಪಿನಿಂದ, ಫೋನಿನಲ್ಲಿ ಧ್ವನಿ ಮುದ್ರಿಸಿಕೊಂಡು, ಹಾಗೂ ಸುಮ್ಮನೆ ಕೇಳಿಸಿಕೊಂಡು ಅಂದೇ ಟಿಪ್ಪಣಿ ಮಾಡಿಟ್ಟು.

ನೆನಪಿನಿಂದ ಬರೆಯುವಾಗ ಕೈ ಬೇಗ ಓಡುತ್ತದೆ, ಕಥೆಯ ಓಘವೂ ಕೆಡುವುದಿಲ್ಲ. ಆದರೆ ಪಾತ್ರಗಳು ಪರಸ್ಪರ ಮಾತನಾಡುವುದನ್ನು ಬಿಟ್ಟು ಓದುಗರಿಗೆ ವರದಿ ಒಪ್ಪಿಸತೊಡಗುತ್ತವೆ. "ಮಳಿಗೆ ಬೆಳಿ ಹಾಳಾಗೈತಿ, ಸಾಲ ತೀರಸಬೇಕು, ರೇಟು ಹೆಚ್ಚಿಗಿ ಮಾಡ್ರಿ" ಎಂಬ ರೈತನ ಮಾತಿಗೆ ರಾಯಚೂರಿನ ಉಡುಗೆ ತೊಡಿಸಿದ್ದರೂ ಅದು ಗಂಜ್‌ನ ಮಾತಲ್ಲ. ಹಮಾಲರೆಲ್ಲ ಕೇಳುತ್ತಿರುವಾಗ ಯಾವ ರೈತನೂ ತನ್ನ ಸಾಲದ ಸುದ್ದಿಯನ್ನು ತಾನಾಗಿ ಎತ್ತುವುದಿಲ್ಲ.

ರೆಕಾರ್ಡಿಂಗ್‌ಗೆ ಅನುಮತಿ ಕೇಳಲೇಬೇಕು, ಕೇಳಿದ ಕೂಡಲೇ ಜನ ಟಿವಿಯವರ ಮುಂದೆ ನಿಂತಂತೆ ಮಾತನಾಡುತ್ತಾರೆ. ಫೋನು ಮರೆತುಹೋದ ಮೇಲೆ ಬರುವ ಮಾತೇ ನಿಜವಾದದ್ದು, ಅಷ್ಟರಲ್ಲಿ ಟಂಟಂ ಆಟೋದ ಸದ್ದು ಅರ್ಧವನ್ನು ನುಂಗಿರುತ್ತದೆ. ಮುದ್ರಿಸಿದ್ದನ್ನು ಅಕ್ಷರಕ್ಕಿಳಿಸಲು ಒಂದಿಡೀ ಸಂಜೆ ಬೇಕು. ಧ್ವನಿ ಟೈಪಿಂಗ್ ಈ ಕೆಲಸಕ್ಕೆ ಬರಲಿಲ್ಲ. 'ಹೋಗ್ಯಾನ', 'ಬಂದಾಳ' ಎಂಬಲ್ಲೆಲ್ಲ ಅದು ತನಗೆ ತಿಳಿದದ್ದನ್ನು ಬರೆದುಕೊಳ್ಳುತ್ತದೆ.

ನನಗೆ ಒಗ್ಗಿದ್ದು ಮೂರನೆಯ ದಾರಿ. ಬೆಂಬಲ ಬೆಲೆಯ ಖರೀದಿಯಲ್ಲಿ ಹತ್ತಿಯ ತೇವಾಂಶ ಶೇಕಡಾ 8 ದಾಟಿದರೆ ದರ ಇಳಿಯುತ್ತದೆ, 12 ದಾಟಿದರೆ ಮಾಲೇ ವಾಪಸ್ಸು. ಹೀಗಾಗಿ ಗಂಜ್‌ನಲ್ಲಿಯೂ ಹಸಿಯ ಮಾತೇ ಹೆಚ್ಚು. ನಾನು ಬರೆದಿಟ್ಟುಕೊಂಡದ್ದು ಇಷ್ಟೇ:

"ಒಳಗ ಕೈ ಹಾಕಿ ನೋಡ್ರಿ ಸಾವ್ಕಾರ್ರ, ಮ್ಯಾಲ ಮ್ಯಾಲ ನೋಡಬ್ಯಾಡ್ರಿ."

"ನಿಮ್ಮೂರಿಗೆ ಕಡೀ ಬಸ್ ಎಷ್ಟಕ್ಕೈತಿ?"

ಸಾಹುಕಾರ ಹಸಿಯ ಮಾತನ್ನೂ ಎತ್ತಲಿಲ್ಲ, ದರದ ಮಾತನ್ನೂ ಎತ್ತಲಿಲ್ಲ. ಮಾಲನ್ನು ಮರಳಿ ಒಯ್ಯಲಾಗದೆ ಸಂಜೆಯೊಳಗೆ ಮಾರಲೇಬೇಕಾದ ರೈತನ ಸ್ಥಿತಿ ಆ ಬಸ್ಸಿನ ವಿಚಾರಣೆಯಲ್ಲಿಯೇ ಇದೆ, ಸಾಲದ ಮಾತು ಇನ್ನು ಬೇಕಿಲ್ಲ. ರೆಕಾರ್ಡಿಂಗ್‌ನಲ್ಲಿಯೂ ಇಂಥ ಸಾಲು ಸಿಕ್ಕೀತು, ಆದರೆ ಅದರ ಆಚೀಚೆ ಬರುವ 'ಅಲ್ರಿ', 'ಮತ್ತ', 'ಹಂಗಂದ್ರ'ಗಳ ರಾಶಿಯಿಂದ ಹೆಕ್ಕಬೇಕು. ಕಿವಿ ಆ ಜರಡಿ ಹಿಡಿಯುವ ಕೆಲಸವನ್ನು ತಾನೇ ಮಾಡಿರುತ್ತದೆ. ಒಂದು ಷರತ್ತೆಂದರೆ, ಟಿಪ್ಪಣಿಯನ್ನು ಮರುದಿನಕ್ಕೆ ಬಿಡಬಾರದು, ಏಕೆಂದರೆ ರಾತ್ರಿ ಕಳೆದರೆ ಮಾತಿನ ಸಾರ ಉಳಿದು ಅದರ ಅನುಕ್ರಮ ಕಳೆದುಹೋಗುತ್ತದೆ.

ಆಡುಮಾತನ್ನು ಎಷ್ಟು ಬಳಸಬೇಕೆಂಬ ತಕರಾರು ಮೂರರಲ್ಲಿಯೂ ಇದ್ದದ್ದೇ. ಕ್ರಿಯಾಪದದ ಕೊನೆಯನ್ನೂ ಕರೆಯುವ ರೀತಿಯನ್ನೂ ರಾಯಚೂರಿನದಾಗಿಯೇ ಉಳಿಸಿ, ಪ್ರತಿ ಉಚ್ಚಾರಣೆಯನ್ನೂ ಕಾಗುಣಿತದಲ್ಲಿ ಹಿಡಿಯುವ ಹಟವನ್ನು ಬಿಟ್ಟರೆ ಮೈಸೂರಿನ ಓದುಗರೂ ಎಡವುವುದಿಲ್ಲ.

ಅಜ್ಜಿಯೊಬ್ಬಳು ಗಂಟೆಗಟ್ಟಲೆ ಹೇಳುವ ಹಳೆಯ ಕಥನದಂತಹ ದೀರ್ಘ ಮಾತಿಗೆ ಮಾತ್ರ ನಾನು ಈಗಲೂ ಫೋನನ್ನೇ ನಂಬುತ್ತೇನೆ, ಏಕೆಂದರೆ ಅಲ್ಲಿ ಸುತ್ತಿ ಬಳಸಿ ಬರುವ ದಾರಿಯೇ ಕಥೆ. ಬರೆದು ಮುಗಿದ ಮೇಲೆ ಆ ಧ್ವನಿಯನ್ನು ಅಳಿಸುವುದಾಗಿ ಆಕೆಗೆ ಮೊದಲೇ ಹೇಳಿರುತ್ತೇನೆ.