ಫೋಟೋ ಸ್ಪರ್ಧೆಗೆ ಫೀಸು ಕಟ್ಟಬೇಕಾ? ಹಲವು ವರ್ಷ ಬಳಸಿದ ಮೇಲೆ ಅನ್ನಿಸಿದ್ದು

ನಾನು ಫೋಟೋ ತೆಗೆದು ಸಂಪಾದನೆ ಮಾಡುವವನಲ್ಲ. ವಾರವಿಡೀ ಆಫೀಸು, ರಜೆ ಸಿಕ್ಕರೆ ಕ್ಯಾಮೆರಾ. ನನ್ನಂಥ ಹವ್ಯಾಸಿಗಳಿಗೆ ಆನ್‌ಲೈನ್ ಫೋಟೋ ಸ್ಪರ್ಧೆ ಅನ್ನೋದು ಬೆಲೆ ಕೊಟ್ಟು ಪಡೆಯುವ ಒಂದು ಸೇವೆ. ಕೆಲವರು ದುಡ್ಡು ಕೇಳುತ್ತಾರೆ. ಕೆಲವರು ದುಡ್ಡು ಬೇಡ ಅಂತ ಹೇಳಿ ಫೋಟೋದ ಹಕ್ಕನ್ನೇ ಬರೆಸಿಕೊಳ್ಳುತ್ತಾರೆ. ಲೆನ್ಸು, ಟ್ರೈಪಾಡು ತೆಗೆದುಕೊಳ್ಳುವಾಗ ಹತ್ತು ಕಡೆ ವಿಮರ್ಶೆ ಓದುವ ನಾವು ಸ್ಪರ್ಧೆಗೆ ಮಾತ್ರ ಏನೂ ನೋಡದೆ ಕಾರ್ಡ್ ನಂಬರ್ ಹಾಕಿಬಿಡುತ್ತೇವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಲಾನ್‌ಗಳಿಂದ, ಅಂದರೆ ಫೋಟೋ ಕ್ಲಬ್‌ಗಳು ನಡೆಸುವ ಸ್ಪರ್ಧೆಗಳಿಂದ, ಶುರು ಮಾಡುತ್ತೇನೆ. ನನ್ನ ದುಡ್ಡು ಜಾಸ್ತಿ ಹೋಗಿದ್ದು ಅಲ್ಲಿಗೇ. ಹೊಸಬರಿಗೆ ಸ್ವಲ್ಪ ಹಿನ್ನೆಲೆ: ಫಿಯಾಪ್ ಅಂತ ಫೋಟೋಗ್ರಫಿಯ ಒಂದು ಅಂತರರಾಷ್ಟ್ರೀಯ ಒಕ್ಕೂಟ ಇದೆ, 1950ರಲ್ಲಿ ಶುರುವಾಗಿದ್ದು. ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ, ಅಂದರೆ ಪಿಎಸ್‌ಎ, ಇನ್ನೂ ಹಳೆಯದು, 1934ರದ್ದು. ಇವರ ಮಾನ್ಯತೆ ತೆಗೆದುಕೊಂಡು ಬೇರೆ ಬೇರೆ ದೇಶಗಳ ಕ್ಲಬ್‌ಗಳು ಸ್ಪರ್ಧೆ ನಡೆಸುತ್ತವೆ. ಹಿಂದೆ ಪ್ರಿಂಟ್ ಹಾಕಿಸಿ, ಪಾರ್ಸೆಲ್ ಕಟ್ಟಿ, ಹಡಗಿಗೋ ವಿಮಾನಕ್ಕೋ ಹಾಕಿ ಕಾಯುತ್ತಿದ್ದರು. ಈಗ ಮನೆಯಲ್ಲೇ ಕೂತು ಅಪ್‌ಲೋಡ್ ಮಾಡಿದರೆ ಮುಗಿಯಿತು. ನಮ್ಮ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ, ಅಂದರೆ ವೈಪಿಎಸ್, 1971ರಿಂದ ಇದೆ, ಅವರೂ ಸಲಾನ್ ನಡೆಸುತ್ತಾರೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅಂಥವರ ಕಾಡಿನ ಚಿತ್ರಗಳು ಹೊರದೇಶದವರ ಕಣ್ಣಿಗೆ ಬಿದ್ದಿದ್ದರಲ್ಲಿ ಸಲಾನ್‌ಗಳ ಪಾಲು ದೊಡ್ಡದು. ಹಾಗಾಗಿ ಕರ್ನಾಟಕದ ಹವ್ಯಾಸಿಗಳಲ್ಲಿ ಸಲಾನ್ ಅಂದರೆ ಒಂದು ಮರ್ಯಾದೆ ಇದೆ. ಅದು ಸುಮ್ನೆ ಬಂದಿದ್ದಲ್ಲ.

ಇದು ನಡೆಯುವುದು ಹೀಗೆ. ಕಲರ್, ಮೊನೊಕ್ರೋಮ್, ನೇಚರ್, ಟ್ರಾವೆಲ್ ಅಂತ ವಿಭಾಗಗಳು. ಸಾಮಾನ್ಯವಾಗಿ ಒಂದೊಂದಕ್ಕೂ ನಾಲ್ಕು ಫೋಟೋ. ಅವರು ಹೇಳಿದ ಅಳತೆಗೆ ಚಿಕ್ಕದು ಮಾಡಬೇಕು, ಫೈಲು ಇಷ್ಟೇ ಎಂಬಿ ಇರಬೇಕು, ಶೀರ್ಷಿಕೆ ಇರಲೇಬೇಕು. ಒಂದು ಕಡೆ ಒಂದು ಹೆಸರಿನಲ್ಲಿ ಕಳಿಸಿದ ಫೋಟೋವನ್ನು ಇನ್ನೊಂದು ಕಡೆ ಬೇರೆ ಹೆಸರಿನಲ್ಲಿ ಕಳಿಸುವ ಹಾಗಿಲ್ಲ, ಅದಕ್ಕೆ ಮೊದಲ ದಿನದಿಂದಲೇ ಒಂದು ಎಕ್ಸೆಲ್ ಶೀಟ್ ಇಟ್ಟುಕೊಳ್ಳಿ. ಮೂರು ಅಥವಾ ಐದು ಜನ ತೀರ್ಪುಗಾರರು ಒಂದೊಂದು ಚಿತ್ರವನ್ನೂ ಕೆಲವೇ ಸೆಕೆಂಡು ನೋಡಿ ಅಂಕ ಹಾಕುತ್ತಾರೆ. ಆಮೇಲೆ ನಿಮಗೊಂದು ಇಮೇಲ್ ಬರುತ್ತದೆ. ಶೀರ್ಷಿಕೆ, ಎದುರಿಗೆ 10 ಅಂತ ಅಂಕ, ಕೆಳಗೆ ಕಟ್‌ಆಫ್ 11. ಅಷ್ಟೇ. ಬೆಳಕು ಸರಿ ಇಲ್ಲವಾ, ಕ್ರಾಪ್ ಬಿಗಿಯಾಯಿತಾ, ಇಂಥ ಚಿತ್ರ ಅವರು ಆ ದಿನ ನೂರು ನೋಡಿಬಿಟ್ಟಿದ್ದರಾ, ಒಂದೂ ಗೊತ್ತಾಗುವುದಿಲ್ಲ.

ನನ್ನ ಅತಿ ದೊಡ್ಡ ದೂರು ಇದೇ. ಕಲಿಯೋಕೆ ಅಂತ ಸ್ಪರ್ಧೆಗೆ ಹೋಗುವವರು ಬಹಳ ಜನ ಇದ್ದಾರೆ, ಆದರೆ ಸಲಾನ್ ಕಲಿಸುವುದಿಲ್ಲ, ತೂಗುತ್ತದೆ. ತೂಕ ಗೊತ್ತಾಗುವುದೂ ಒಂದು ಲಾಭವೇ, ಇಲ್ಲ ಅನ್ನುವುದಿಲ್ಲ. ಒಂದೇ ಫೋಟೋ ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ತೀರ್ಪುಗಾರರ ಮುಂದೆ ಪ್ರತಿ ಸಲವೂ ಒಂದೇ ಅಂಕದಲ್ಲಿ ಬಿದ್ದರೆ ಅದರಲ್ಲಿ ಏನೋ ಕೊರತೆ ಇದೆ ಅಂತಲೇ ಅರ್ಥ. ಮನೆಯವರು, ಸ್ನೇಹಿತರು ಹಾಕುವ ಲೈಕ್‌ನಿಂದ ಈ ಸುದ್ದಿ ಯಾವತ್ತೂ ಸಿಗುವುದಿಲ್ಲ. ಆದರೆ ಏನು ಕೊರತೆ ಅಂತ ತಿಳಿಯೋಕೆ ಕ್ಲಬ್ಬಿನಲ್ಲಿ ಹಿರಿಯರೊಬ್ಬರ ಪಕ್ಕ ಕೂರಬೇಕು. ನಮ್ಮ ಗುಂಪಿನಲ್ಲಿ ಒಬ್ಬರು ಹಿರಿಯರು ಫೋಟೋವನ್ನು ಸ್ಕ್ರೀನಿನ ಮೇಲೆ ತಲೆಕೆಳಗು ಮಾಡಿ ತೋರಿಸುತ್ತಾರೆ. ಆಗ ವಿಷಯ ಮರೆತು ಬರೀ ಬೆಳಕು, ಆಕಾರ ಕಾಣಿಸುತ್ತದೆ. ಮೂಲೆಯ ಒಂದು ಬಿಳಿ ಪಟ್ಟಿ ಕಣ್ಣನ್ನು ಹೇಗೆ ಎಳೆದುಕೊಂಡು ಹೋಗುತ್ತದೆ ಅಂತ ಅವರು ತೋರಿಸಿದ ಆ ಐದು ನಿಮಿಷ ಯಾವ ಫೀಸಿಗೂ ಸಿಗಲಿಲ್ಲ.

ಮತ್ತೆ ಜನ ಯಾಕೆ ಅಷ್ಟೊಂದು ಕಳಿಸುತ್ತಾರೆ? ಹೆಸರಿನ ಮುಂದೆ ಬರುವ ಅಕ್ಷರಗಳಿಗೆ. ಫಿಯಾಪ್ ಕೊಡುವ ಎ-ಫಿಯಾಪ್ ಅನ್ನುವ ಬಿರುದು ಬೇಕಾದರೆ 40 ಅಕ್ಸೆಪ್ಟೆನ್ಸ್, ಅಂದರೆ ಕಟ್‌ಆಫ್ ದಾಟಿದ ಆಯ್ಕೆಗಳು, ಬೇಕು, ಅವು ಕನಿಷ್ಠ 15 ಬೇರೆ ಬೇರೆ ಫೋಟೋಗಳಿಗೆ, 8 ದೇಶಗಳಿಂದ ಬಂದಿರಬೇಕು. ಅದರ ಮೇಲೆ ಇ-ಫಿಯಾಪ್, ಅದರ ಮೇಲೆ ಇನ್ನೂ ಮೆಟ್ಟಿಲುಗಳು. ಇದಕ್ಕೆ ಅಂತಲೇ ಸರ್ಕಿಟ್ ಅಂತ ಮಾಡುತ್ತಾರೆ: ಒಂದು ಸಲ ಅಪ್‌ಲೋಡ್, ನಾಲ್ಕೈದು ಸಲಾನ್‌ಗಳಲ್ಲಿ ಬೇರೆ ಬೇರೆ ತೀರ್ಪು. ಫೀಸು ಯೂರೋದಲ್ಲೋ ಡಾಲರ್‌ನಲ್ಲೋ ಇರುತ್ತದೆ, ಬ್ಯಾಂಕಿನವರ ಕರೆನ್ಸಿ ಚಾರ್ಜ್ ಬೇರೆ. ವರ್ಷದ ಕೊನೆಯಲ್ಲಿ ಕೂಡಿಸಿ ನೋಡಿ, ಒಂದು ಒಳ್ಳೆಯ ಸೆಕೆಂಡ್‌ಹ್ಯಾಂಡ್ ಲೆನ್ಸಿನ ದುಡ್ಡು ಹೋಗಿರುತ್ತದೆ. ಆ ಅಕ್ಷರಗಳು ಬೇಕು ಅನ್ನುವವರ ಬಗ್ಗೆ ನನಗೆ ಗೌರವವೇ ಇದೆ. ರಿಟೈರ್ ಆದಮೇಲೆ ಕ್ಯಾಮೆರಾ ಹಿಡಿದು, ಶಿಸ್ತಾಗಿ ಎ-ಫಿಯಾಪ್ ಮಾಡಿಕೊಂಡವರನ್ನು ನೋಡಿದ್ದೇನೆ, ಆ ಗುರಿಯೇ ಅವರನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಹೊರಗೆ ಕಳಿಸುತ್ತದೆ.

ಫೀಸಿಗಿಂತ ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. ಸ್ಪರ್ಧೆ ನಮ್ಮ ಕಣ್ಣನ್ನು ತನಗೆ ಬೇಕಾದ ಹಾಗೆ ತಿದ್ದುತ್ತದೆ.

ಕಂಬಳ ತೆಗೆದುಕೊಳ್ಳಿ. ದಕ್ಷಿಣ ಕನ್ನಡ, ಉಡುಪಿ ಕಡೆ ಸೀಸನ್ ಶುರುವಾದರೆ ಕರೆಯ, ಅಂದರೆ ಕೋಣ ಓಡುವ ಕೆಸರಿನ ಟ್ರ್ಯಾಕಿನ, ತುದಿಯಲ್ಲಿ, ಓಟ ಮುಗಿಯುವ ಮಂಜೊಟ್ಟಿ ಹತ್ತಿರ, ಟೆಲಿ ಲೆನ್ಸುಗಳ ಸಾಲು. ಎಲ್ಲರಿಗೂ ಬೇಕಾಗಿದ್ದು ಒಂದೇ ಫ್ರೇಮು: ಎದುರಿಗೆ ನುಗ್ಗಿ ಬರುವ ಜೋಡಿ ಕೋಣ, ಹಿಂದೆ ಹಗ್ಗ ಹಿಡಿದ ಓಟಗಾರ, ಸುತ್ತಲೂ ಚಿಮ್ಮಿದ ಕೆಸರು ನೀರು. ಅದ್ಭುತ ಚಿತ್ರವೇ, ಸಂಶಯ ಇಲ್ಲ. ಆದರೆ ಜಗತ್ತಿನ ಯಾವ ಸಲಾನ್ ಕ್ಯಾಟಲಾಗ್ ತೆರೆದರೂ ಅದೇ ಚಿತ್ರ ಇದೆ. ಕಂಬಳದಲ್ಲಿ ಅದೊಂದೇ ಇದೆಯಾ? ಓಟ ಮುಗಿದ ಮೇಲೆ ಕೋಣದ ಮೈಗೆ ನೀರು ಹೊಯ್ದು ಉಜ್ಜುವವರು, ಎಣ್ಣೆ ಹಚ್ಚುವವರು, ಬಿಸಿಲು ತಾಗದ ಹಾಗೆ ನೆರಳಿಗೆ ಕಟ್ಟಿ ಕಿವಿ ಹತ್ತಿರ ಏನೋ ಮಾತಾಡುವವರು ಇದ್ದಾರೆ. ನನ್ನಲ್ಲಿ ಅಂಥ ಒಂದು ಫೋಟೋ ಇದೆ, ವಯಸ್ಸಾದವರೊಬ್ಬರು ಹಣೆಯನ್ನು ಕೋಣದ ಹಣೆಗೆ ಒತ್ತಿ ನಿಂತಿದ್ದಾರೆ. ಯಾವ ಸಲಾನಿನಲ್ಲೂ ಅದು ಕಟ್‌ಆಫ್ ದಾಟಲಿಲ್ಲ. ನಾನು ತೆಗೆದ ಕಂಬಳದ ಫೋಟೋಗಳಲ್ಲಿ ಅದೇ ಚೆನ್ನಾಗಿದೆ ಅಂತ ಈಗಲೂ ಹೇಳುತ್ತೇನೆ.

ಹಕ್ಕಿ ಫೋಟೋದಲ್ಲೂ ಇದೇ ಕಥೆ. ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸ್‌ನಲ್ಲಿ ಹಕ್ಕಿಗಳು ನೀರಿಗೆ ಬರುವುದನ್ನು ಕೂತು ನೋಡುವುದು ದೊಡ್ಡ ಖುಷಿ. ಆದರೆ ಇಂಥ ಜಾಗಗಳು ಹೆಚ್ಚಾದ ಹಾಗೆ ಪಾಚಿ ಹಿಡಿದ ಅದೇ ಕೊಂಬೆ, ಹಿಂದೆ ನುಣುಪಾದ ಅದೇ ಹಸಿರು, ಹಕ್ಕಿಯ ಹೆಸರು ಮಾತ್ರ ಬೇರೆ. ಇನ್ನೂ ಕೆಟ್ಟದ್ದು, ಮಳೆಗಾಲದಲ್ಲಿ ಪಶ್ಚಿಮಘಟ್ಟದ ಕಪ್ಪೆ, ಹಾವುಗಳನ್ನು ಕೈಯಲ್ಲಿ ಹಿಡಿದು ಚೆಂದದ ಎಲೆ ಮೇಲೆ ಕೂರಿಸಿ ತೆಗೆಯುವುದು. ಕಪ್ಪೆಯ ಚರ್ಮ ಬಹಳ ಸೂಕ್ಷ್ಮ, ಅದರ ಉಸಿರಾಟದ ಒಂದು ಭಾಗ ನಡೆಯುವುದೇ ಚರ್ಮದಲ್ಲಿ. ಒಂದು ಮೆಡಲ್‌ಗಾಗಿ ಅದನ್ನು ಹಿಂಸೆ ಮಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಸ್ಪರ್ಧೆಗೆ ಫೋಟೋ ಹಾಕುವುದನ್ನೇ ಬಿಟ್ಟ ನನ್ನ ಇಬ್ಬರು ಗೆಳೆಯರು ಹೇಳುವ ಕಾರಣ ಇದೇ.

ಈ ವಿಷಯದಲ್ಲಿ ನಿಯಮಗಳು ಬಿಗಿಯಾಗಿವೆ ಅನ್ನೋದು ಸಮಾಧಾನ. ಫಿಯಾಪ್, ಪಿಎಸ್‌ಎ ಮತ್ತು ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಮೂರೂ ಸೇರಿ 2014ರಲ್ಲಿ ನೇಚರ್ ಫೋಟೋ ಅಂದರೆ ಏನು ಅಂತ ಒಂದೇ ವ್ಯಾಖ್ಯೆಗೆ ಒಪ್ಪಿದವು. ಕ್ರಾಪ್ ಮಾಡಬಹುದು, ಸೆನ್ಸರ್ ಮೇಲಿನ ಧೂಳಿನ ಚುಕ್ಕೆ ಅಳಿಸಬಹುದು. ಆದರೆ ಅಡ್ಡ ಬಂದ ಒಂದು ಹುಲ್ಲುಕಡ್ಡಿಯನ್ನೂ ಅಳಿಸುವ ಹಾಗಿಲ್ಲ, ಇಲ್ಲದ್ದನ್ನು ಸೇರಿಸುವ ಹಾಗಿಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್‌ನಲ್ಲಿ 2009ರ ದೊಡ್ಡ ಬಹುಮಾನ ಪಡೆದ ತೋಳದ ಚಿತ್ರವನ್ನು ಅದು ಪಳಗಿಸಿದ ತೋಳ ಇರಬಹುದು ಅಂತ ತೀರ್ಪುಗಾರರಿಗೆ ಅನ್ನಿಸಿ ಹಿಂದಕ್ಕೆ ಪಡೆದರು. 2017ರಲ್ಲಿ ಗೆದ್ದ ಇರುವೆಬಾಕದ ಚಿತ್ರವನ್ನೂ, ಅದರಲ್ಲಿರುವುದು ಸತ್ತ ಪ್ರಾಣಿಯ ಚರ್ಮದೊಳಗೆ ತುಂಬಿಸಿ ನಿಲ್ಲಿಸಿದ ಗೊಂಬೆ ಅಂತ ಸಂಶಯ ಬಂದು ಪರಿಣತರನ್ನು ಕೇಳಿ ಮರುವರ್ಷ ತೆಗೆದುಹಾಕಿದರು. ಈಗ ದೊಡ್ಡ ಸ್ಪರ್ಧೆಗಳು ಕೊನೆಯ ಸುತ್ತಿಗೆ ಬಂದರೆ ರಾ ಫೈಲ್, ಅಂದರೆ ಕ್ಯಾಮೆರಾ ದಾಖಲಿಸಿದ ಮೂಲ ಫೈಲ್, ಕೇಳುತ್ತವೆ. ರಾ ಅಳಿಸಿ ಬರೀ ಜೆಪೆಗ್ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಎಐ ಬಂದ ಮೇಲಂತೂ ಇದು ಇನ್ನೂ ಮುಖ್ಯ. 2023ರ ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್‌ನಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸನ್ ಎಐ ಚಿತ್ರ ಹಾಕಿ ಗೆದ್ದು, ಆಮೇಲೆ ಬಹುಮಾನ ಬೇಡ ಅಂದರು. ಅದಾದ ಮೇಲೆ ತೀರ್ಪುಗಾರರ ಕಣ್ಣೊಂದನ್ನೇ ನಂಬಿ ಕೂರೋಕೆ ಆಗುತ್ತಾ?

ಇನ್ನು ವೋಟಿನ ಆ್ಯಪ್‌ಗಳು. ಇವುಗಳ ಬಗ್ಗೆ ಜಾಸ್ತಿ ಬರೆಯುವಂಥದ್ದು ಏನಿಲ್ಲ. ನಾನು ತುಂಬ ದಿನ ಬಳಸಿದ ಒಂದರಲ್ಲಿ ಫೋಟೋ ಹಾಕುವುದು ಉಚಿತ. ಆದರೆ ಅದು ನಾಲ್ಕು ಜನಕ್ಕೆ ಕಾಣಬೇಕಾದರೆ ನೀವು ಬೇರೆಯವರ ಫೋಟೋಗಳಿಗೆ ದಿನಾ ವೋಟ್ ಹಾಕುತ್ತಾ ಕೂರಬೇಕು, ಇಲ್ಲಾಂದ್ರೆ ದುಡ್ಡು ಕೊಟ್ಟು ಬೂಸ್ಟ್ ಕೊಳ್ಳಬೇಕು. ರಾತ್ರಿ ಹನ್ನೊಂದಕ್ಕೆ ನೋಟಿಫಿಕೇಷನ್, ನಿಮ್ಮ ರ‍್ಯಾಂಕ್ ಇಳಿಯುತ್ತಿದೆ ಅಂತ. ಹೆಬ್ಬೆರಳು ಓಡಿಸುತ್ತಾ ವೋಟ್ ಹಾಕುವಾಗ ಯಾರ ಫೋಟೋವನ್ನೂ ಯಾರೂ ನೋಡುತ್ತಿರುವುದಿಲ್ಲ. ಗಾಢ ಬಣ್ಣದ ಸೂರ್ಯಾಸ್ತ, ನಗುವ ಮಗು, ಇವಷ್ಟೇ ಮೇಲೆ ಹೋಗುತ್ತವೆ. ಡಿಲೀಟ್ ಮಾಡಿದೆ.

ಕಂಪನಿಗಳು ನಡೆಸುವ ಉಚಿತ ಸ್ಪರ್ಧೆಗಳಲ್ಲಿ ನೋಡಬೇಕಾದ್ದು ಬಹುಮಾನ ಅಲ್ಲ, ಷರತ್ತು. 1957ರ ನಮ್ಮ ಕಾಪಿರೈಟ್ ಕಾಯ್ದೆಯ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲೇ ಆಗಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ನೋಡಿ, ಷರತ್ತುಗಳಲ್ಲಿ ‘ಶಾಶ್ವತವಾಗಿ, ಜಗತ್ತಿನಾದ್ಯಂತ, ಯಾವುದೇ ಹಣ ಕೊಡದೆ’ ಅನ್ನುವ ಅರ್ಥದ ಸಾಲು ಇರುತ್ತದೆ. ಗೆದ್ದ ಫೋಟೋಗಳಿಗೆ ಮಾತ್ರ, ಸ್ಪರ್ಧೆಯ ಪ್ರಚಾರಕ್ಕೆ ಮಾತ್ರ ಅಂತ ಇದ್ದರೆ ತೊಂದರೆ ಇಲ್ಲ. ಕಳಿಸಿದ ಎಲ್ಲ ಫೋಟೋಗಳಿಗೂ, ಯಾವ ಬಳಕೆಗೂ ಅಂತ ಇದ್ದರೆ ಅಲ್ಲಿ ನಡೆಯುತ್ತಿರುವುದು ಸ್ಪರ್ಧೆ ಅಲ್ಲ, ಪುಕ್ಕಟೆ ಫೋಟೋ ಸಂಗ್ರಹ. ಗೆಳೆಯರೊಬ್ಬರ ಫೋಟೋಗೆ ಅಂಥ ಒಂದು ಕಡೆ ಬಹುಮಾನ ಬರಲಿಲ್ಲ, ಆದರೆ ಮರುವರ್ಷ ಅದು ಕಂಪನಿಯ ಕ್ಯಾಲೆಂಡರಿನಲ್ಲಿ ಬಂತು, ಹೆಸರೂ ಇಲ್ಲದೆ. ಇನ್ನೊಂದು ಮಾತು, ಫೋಟೋದಲ್ಲಿ ಬೇರೆಯವರ ಮಕ್ಕಳು ಇದ್ದರೆ ದಯವಿಟ್ಟು ಅವರ ಮನೆಯವರನ್ನು ಕೇಳಿಯೇ ಕಳಿಸಿ.

ನನಗೆ ತುಂಬ ಇಷ್ಟವಾದದ್ದು, ಪ್ರತಿ ವರ್ಷ ಕಾಯುವುದು, ವಿಕಿ ಲವ್ಸ್ ಮಾನ್ಯುಮೆಂಟ್ಸ್, ವಿಕಿಪೀಡಿಯ ಬಳಗದವರು ನಡೆಸುವ ಸ್ಮಾರಕಗಳ ಫೋಟೋ ಸ್ಪರ್ಧೆ. 2010ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾಯಿತು, ಭಾರತ 2012ರಲ್ಲಿ ಸೇರಿತು. ಆ ವರ್ಷವೇ ದೆಹಲಿಯ ಸಫ್ದರ್‌ಜಂಗ್ ಗೋರಿಯ ಚಿತ್ರಕ್ಕೆ ಜಗತ್ತಿನ ಮೊದಲ ಬಹುಮಾನ ಬಂತು. ಫೀಸು ಇಲ್ಲ. ಹಕ್ಕು ನಿಮ್ಮದೇ, ಆದರೆ ನಿಮ್ಮ ಹೆಸರು ಹಾಕಿ ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು ಅನ್ನುವ ಲೈಸೆನ್ಸ್‌ಗೆ ಒಪ್ಪಬೇಕು. ಇದು ಎಲ್ಲರಿಗೂ ಒಗ್ಗುವುದಿಲ್ಲ, ನಿಜ. ನನಗೆ ಒಗ್ಗಿದೆ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನ 1246ರದ್ದು, ಬೈಚೋಜ, ಮಲ್ಲಿತಮ್ಮ ಕೆತ್ತಿದ ಶಿಲ್ಪಗಳು ಹೊರಗೋಡೆಯ ತುಂಬ ಇವೆ. ಬೆಳಿಗ್ಗೆಯ ಓರೆ ಬೆಳಕಿನಲ್ಲಿ ಅವುಗಳ ಒಡವೆಯ ಒಂದೊಂದು ಮಣಿಯೂ ಎದ್ದು ಕಾಣುತ್ತದೆ. ಇಂಥ ಗೋಡೆಯನ್ನು ನೇರವಾಗಿ, ಅಚ್ಚುಕಟ್ಟಾಗಿ ತೆಗೆದ ಫೋಟೋಗೆ ಸಲಾನಿನಲ್ಲಿ ಯಾರೂ ಅಂಕ ಕೊಡುವುದಿಲ್ಲ. ಇಲ್ಲಿ ಹಾಕಿದರೆ ಕನ್ನಡ ವಿಕಿಪೀಡಿಯದ ಪುಟಕ್ಕೆ ಬರುತ್ತದೆ, ಶಾಲೆ ಮಕ್ಕಳ ಪ್ರಾಜೆಕ್ಟಿಗೆ ಹೋಗುತ್ತದೆ. ಹೊಸಹೊಳಲು, ಅರಳಗುಪ್ಪೆ, ಹಾರನಹಳ್ಳಿ, ನಿಮ್ಮ ಊರಿನ ಹತ್ತಿರದ ಯಾವುದಾದರೂ ಸರಿ, ಹೋಗಿ ತೆಗೆಯಿರಿ.

ನನ್ನ ರೇಟಿಂಗ್ ಕೇಳಿದರೆ: ವಿಕಿಗೆ ಐದು, ಸಲಾನ್‌ಗೆ ಮೂರೂವರೆ, ವೋಟಿನ ಆ್ಯಪ್‌ಗೆ ಒಂದು. ಕಂಪನಿ ಸ್ಪರ್ಧೆಗೆ ಷರತ್ತು ಓದದೆ ಸ್ಟಾರ್ ಕೊಡೋಕೆ ಆಗಲ್ಲ.

ಸಲಾನ್ ಪ್ರಯತ್ನಿಸಬೇಕು ಅಂತ ಇರುವವರು ಫೀಸು ಕಟ್ಟುವ ಮೊದಲು ಅದೇ ಸಲಾನಿನ ಹೋದ ವರ್ಷದ ಕ್ಯಾಟಲಾಗ್ ತೆರೆದು ನೋಡಿ. ಹೆಚ್ಚಿನವರು ಪಿಡಿಎಫ್ ಅನ್ನು ಉಚಿತವಾಗಿ ಇಟ್ಟಿರುತ್ತಾರೆ. ನಿಮ್ಮ ವಿಭಾಗದ ಪುಟಗಳನ್ನು ನಿಧಾನವಾಗಿ ನೋಡಿ, ತೀರ್ಪುಗಾರರು ಯಾರು ಅಂತ ಓದಿ, ಅವರ ಸ್ವಂತ ಚಿತ್ರಗಳನ್ನು ಹುಡುಕಿ ನೋಡಿ. ಆಮೇಲೂ ಕಳಿಸಬೇಕು ಅನ್ನಿಸಿದರೆ ಒಂದೇ ವಿಭಾಗಕ್ಕೆ ಕಟ್ಟಿ, ನಾಲ್ಕೂ ವಿಭಾಗಕ್ಕೆ ಬೇಡ.