ಕಸೂತಿ ಕುಶನ್ ಕವರ್ ಜರ್ಮನಿಗೆ: ಡಾಕ್ ಘರ್ ನಿರ್ಯಾತ್ ಕೇಂದ್ರದ ಬಗ್ಗೆ ನನ್ನ ರಿವ್ಯೂ

ಹತ್ತಕ್ಕೆ ಎಷ್ಟು ಅಂಕ ಅಂತ ಮೊದಲೇ ಕೇಳುವವರಿಗೆ ಹೇಳಿಬಿಡುತ್ತೇನೆ: ಎಂಟು. ಹಗುರ ಸಾಮಾನು ಮಾರುವ ಸಣ್ಣ ವ್ಯಾಪಾರಿಗೆ ಹೊರದೇಶಕ್ಕೆ ಸಾಮಾನು ಕಳಿಸುವ ಅಂಚೆ ಇಲಾಖೆಯ ಈ ಸೇವೆಗಿಂತ ಸುಲಭದ ದಾರಿ ನನಗೆ ಇನ್ನೂ ಕಂಡಿಲ್ಲ. ಭಾರದ ಸಾಮಾನು ಇದ್ದವರು, ತಿನ್ನುವ ಸಾಮಾನು ಇದ್ದವರು ಮಾತ್ರ ಪೂರ್ತಿ ಓದಿ ಆಮೇಲೆ ಕೈ ಹಾಕಿ.

ನನ್ನದು ಧಾರವಾಡದಲ್ಲಿ ಕಸೂತಿ ಕೆಲಸ. ಕುಶನ್ ಕವರ್, ಸ್ಟೋಲ್, ಟೇಬಲ್ ರನ್ನರ್, ಯಾರಾದರೂ ಹೇಳಿ ಮಾಡಿಸಿದರೆ ಇಳಕಲ್ ಸೀರೆ. ಹೊಲಿಯುವವರು ಸುತ್ತಮುತ್ತಲಿನ ಹೆಣ್ಣುಮಕ್ಕಳು. ಮನೆ ಕೆಲಸ ಮುಗಿಸಿ, ಮಧ್ಯಾಹ್ನದ ಬೆಳಕಿನಲ್ಲಿ ಕೂತು ಮಾಡಿಕೊಡುತ್ತಾರೆ. ಇಲ್ಲಿಯ ಗಿರಾಕಿಗೆ ಬೆಲೆ ಹೇಳಿದರೆ "ಮಷೀನಿಂದು ಇದರ ಅರ್ಧಕ್ಕ ಸಿಗ್ತದಲ್ರೀ" ಅನ್ನುತ್ತಾರೆ. ಸಿಗುತ್ತದೆ, ಸುಳ್ಳಲ್ಲ. ಹೊರದೇಶದ ಗಿರಾಕಿ ಕೇಳುವುದೇ ಬೇರೆ. ಅವರಿಗೆ ಕೈಕೆಲಸ ಅನ್ನೋದಕ್ಕೆ ಗುರುತು ಬೇಕು.

ಆ ಗುರುತು ತೋರಿಸಿಕೊಟ್ಟವರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಬಾಯಾರು. ನಾನು ಕವರ್‌ನ ಮುಂಬದಿಯ ಫೋಟೋ ತೆಗೆಯುತ್ತಿದ್ದೆ. "ತಂಗಿ, ಅದನ್ನ ಮಗುಚಿ ಹಾಕಿ ತೆಗಿ. ಗಂಟು ಎಲ್ಲೈತಿ ಅಂತ ಹುಡುಕ್ಲಿ ಅವರು" ಅಂದರು. ಗವಂತಿ, ಮುರ್ಗಿ ಹೊಲಿಗೆಯಲ್ಲಿ ಎರಡೂ ಬದಿ ಒಂದೇ ಥರ ಕಾಣುತ್ತದೆ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಎಳೆ ಎಣಿಸಿಕೊಂಡೇ ಗೋಪುರ, ತೇರು, ತುಳಸಿಕಟ್ಟೆ ಮೂಡಿಸಬೇಕು. ಒಂದು ಎಳೆ ತಪ್ಪಿದರೆ ಗೋಪುರ ಸೊಟ್ಟ. ಹಿಂಬದಿಯ ಫೋಟೋ ಹಾಕಲು ಶುರು ಮಾಡಿದ ಮೇಲೆ ಹೊರಗಿನವರು ಬೆಲೆಯ ಬಗ್ಗೆ ಚೌಕಾಸಿ ಮಾಡುವುದು ಬಹಳ ಕಡಿಮೆಯಾಯಿತು.

ಗಿರಾಕಿ ಸಿಕ್ಕರೆ ಸಾಕಾ? ಕಳಿಸುವುದು ಹೇಗೆ? ಖಾಸಗಿ ಕೊರಿಯರ್ ಒಂದರಲ್ಲಿ ವಿಚಾರಿಸಿದರೆ, ಎರಡು ಕವರ್ ಕಳಿಸುವ ಖರ್ಚು ಕವರ್‌ಗಳ ಬೆಲೆಯನ್ನೇ ದಾಟುತ್ತಿತ್ತು. ಅವರು ಡಬ್ಬಿಯ ಉದ್ದ, ಅಗಲ, ಎತ್ತರ ಗುಣಿಸಿ ಒಂದು ತೂಕ ತೆಗೆಯುತ್ತಾರೆ. ತಕ್ಕಡಿಯ ತೂಕಕ್ಕಿಂತ ಅದು ಜಾಸ್ತಿ ಬಂದರೆ ಅದಕ್ಕೇ ದುಡ್ಡು. ಇನ್ನೊಬ್ಬರು ಎಕ್ಸ್‌ಪೋರ್ಟ್ ಸಲಹೆಗಾರರು ಸಿಕ್ಕರು, ಹೆಸರು ಬೇಡ. ಐಇಸಿ ಅಂದರೆ ಆಮದು-ರಫ್ತು ಕೋಡ್ ಮಾಡಿಸಿಕೊಡಲು ಅವರು ಕೇಳಿದ ಮೊತ್ತಕ್ಕೆ ಒಳ್ಳೆಯ ಹೊಲಿಗೆ ಮಷೀನೇ ಬರುತ್ತಿತ್ತು. ವಿದೇಶ ವ್ಯಾಪಾರ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಡಿಜಿಎಫ್‌ಟಿಯ ವೆಬ್‌ಸೈಟ್‌ನಲ್ಲಿ ಅದಕ್ಕೆ ಸರ್ಕಾರಿ ಶುಲ್ಕ 500 ರೂಪಾಯಿ. ಪ್ಯಾನ್, ವಿಳಾಸ, ಬ್ಯಾಂಕ್ ಖಾತೆಯ ದಾಖಲೆ ಇದ್ದರೆ ಮನೆಯಲ್ಲೇ ಕೂತು ಮಾಡಿಕೊಳ್ಳಬಹುದು. ನನ್ನ ಮಗಳು ಚಹಾ ಕುಡಿಯುತ್ತಾ ಅರ್ಜಿ ತುಂಬಿದಳು.

ಈಗ ಸೇವೆಯ ವಿಷಯ. ಡಾಕ್ ಘರ್ ನಿರ್ಯಾತ್ ಕೇಂದ್ರ ಶುರುವಾಗಿದ್ದು 2022ರಲ್ಲಿ. ಮೊದಲೆಲ್ಲ ವ್ಯಾಪಾರದ ಪಾರ್ಸೆಲ್ ಅಂಚೆಯಲ್ಲಿ ಹೋಗಬೇಕಾದರೆ ಕಸ್ಟಮ್ಸ್ ಕಾಗದಕ್ಕಾಗಿ ವಿದೇಶಿ ಅಂಚೆ ಕಚೇರಿಯ ತನಕ ಓಡಾಡಬೇಕಿತ್ತು. ನಮಗೆ ಅಂದರೆ ಬೆಂಗಳೂರು. ಈಗ ಪೋರ್ಟಲ್‌ನಲ್ಲಿ ಖಾತೆ ತೆರೆದು, ಐಇಸಿ ಮತ್ತು ಬ್ಯಾಂಕಿನ ಎಡಿ ಕೋಡ್ (ವಿದೇಶಿ ಹಣದ ವ್ಯವಹಾರಕ್ಕೆ ಅಧಿಕೃತ ಬ್ಯಾಂಕ್ ಶಾಖೆಯ ಗುರುತಿನ ಸಂಖ್ಯೆ) ಕೊಟ್ಟು, ಅಂಚೆ ರಫ್ತು ಬಿಲ್ಲನ್ನು, ಅಂದರೆ ಕಸ್ಟಮ್ಸ್‌ಗೆ ಕೊಡುವ ರಫ್ತಿನ ಕಾಗದವನ್ನು, ಅಲ್ಲೇ ತುಂಬಬಹುದು. ಲೇಬಲ್ ಪ್ರಿಂಟ್ ತೆಗೆದು ಅಂಟಿಸಿ ಊರಿನ ಕೌಂಟರ್‌ನಲ್ಲಿ ಕೊಟ್ಟರೆ ಆಯಿತು. ಕಸ್ಟಮ್ಸ್‌ನವರು ಆನ್‌ಲೈನ್‌ನಲ್ಲೇ ನೋಡುತ್ತಾರೆ. ಪ್ರಶ್ನೆ ಇದ್ದರೆ ಅದೂ ಆನ್‌ಲೈನ್‌ನಲ್ಲೇ. ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಸಂಜೆ ತನಕ ಕಾದು, ಮತ್ತೆ ರಾತ್ರಿ ಬಸ್ಸು ಹತ್ತುವ ಕೆಲಸ ತಪ್ಪಿತು. ನನ್ನ ಎಂಟು ಅಂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಇದಕ್ಕೇ.

ಎಡಿ ಕೋಡ್ ಪಡೆಯಲು ಮಾತ್ರ ತಾಳ್ಮೆ ಬೇಕು. ಸಣ್ಣ ಬ್ಯಾಂಕ್ ಶಾಖೆಯಲ್ಲಿ ಆ ಹೆಸರು ಹೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ವಿದೇಶಿ ವಿನಿಮಯ ನೋಡಿಕೊಳ್ಳುವ ದೊಡ್ಡ ಶಾಖೆಗೆ ನೇರ ಹೋಗಿ ಕೇಳಿ.

ನಾನು ಬಳಸುವುದು ಇಂಟರ್‌ನ್ಯಾಷನಲ್ ಟ್ರ್ಯಾಕ್ಡ್ ಪ್ಯಾಕೆಟ್. 2 ಕೆ.ಜಿ. ತನಕ ಹೋಗುತ್ತದೆ, ಸ್ಪೀಡ್ ಪೋಸ್ಟ್‌ಗಿಂತ ಅಗ್ಗ, ಅಷ್ಟೇ ನಿಧಾನ. ಅವಸರದ ಗಿರಾಕಿಗೆ ಇದು ಬೇಡ. ದೀಪಾವಳಿಗೆ ಬೇಕು ಅಂದವರಿಗೆ ದಸರೆಗೂ ಮುಂಚೆಯೇ ಆರ್ಡರ್ ಕೊಡಿ ಅಂತ ಹೇಳಿಬಿಡುತ್ತೇನೆ. ಕುಶನ್ ಕವರ್‌ಗೆ ಒಳಗಿನ ಹತ್ತಿ ತುಂಬಿ ಕಳಿಸುವುದಿಲ್ಲ. ಚಪ್ಪಟೆ ಮಡಚಿ, ನಡುವೆ ಒಂದು ತೆಳು ಹಾಳೆ ಇಟ್ಟು, ಮೊದಲು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಗಟ್ಟಿ ಲಕೋಟೆ. ಹಾಳೆ ಯಾಕೆ ಅಂದರೆ, ಕೆಂಪು ದಾರದ ಮೇಲೆ ಬಿಳಿ ಬಟ್ಟೆ ವಾರಗಟ್ಟಲೆ ಒತ್ತಿಕೊಂಡು ಕೂರುತ್ತದೆ. ತೇವ ತಾಗಿ ಬಣ್ಣ ಬಿಟ್ಟರೆ ಕೆಲಸ ಕೆಟ್ಟಂತೆ.

ಬಿಲ್ಲಿನಲ್ಲಿ ಸಾಮಾನಿನ ವಿವರ ಬರೆಯುವ ಜಾಗ ಚಿಕ್ಕದು, ಆದರೆ ಅಲ್ಲೇ ಎಲ್ಲ ಇರುವುದು. ಸುಮ್ನೆ ಬಟ್ಟೆ ಅಂತ ಬರೆದರೆ ಸಾಲದು. ಹತ್ತಿಯ ಕುಶನ್ ಕವರ್, ಕೈ ಕಸೂತಿ, ಇಷ್ಟು ನಗ, ಒಂದಕ್ಕೆ ಇಷ್ಟು ಬೆಲೆ ಅಂತ ಬಿಡಿಸಿ ಬರೆಯಿರಿ. ಸಾಮಾನು ಯಾವ ಬಗೆಯದು ಅಂತ ಕಸ್ಟಮ್ಸ್‌ಗೆ ಹೇಳುವ ಎಚ್‌ಎಸ್ ಕೋಡ್ ಕುಶನ್ ಕವರ್‌ಗೆ 6304ರ ಕೆಳಗೆ ಬರುತ್ತದೆ, ಸ್ಟೋಲ್‌ಗೆ 6214. ಪೂರ್ತಿ ಎಂಟು ಅಂಕಿ ಹುಡುಕಿ ಹಾಕಬೇಕು. "ಗಿಫ್ಟ್ ಅಂತ ಬರೀರಿ, ಯಾರೂ ಕೇಳಂಗಿಲ್ಲ" ಅಂತ ಉಪದೇಶ ಮಾಡುವವರು ಹುಬ್ಬಳ್ಳಿಯಲ್ಲೂ ಇದ್ದಾರೆ, ಧಾರವಾಡದಲ್ಲೂ ಇದ್ದಾರೆ. ಕೇಳಬೇಡಿ. ಗಿಫ್ಟ್ ಅಂತ ಹೋದದ್ದು ನಿಮ್ಮ ರಫ್ತಿನ ಲೆಕ್ಕಕ್ಕೆ ಬರುವುದಿಲ್ಲ, ಬ್ಯಾಂಕಿಗೆ ಬಂದ ಹಣಕ್ಕೆ ಕಾಗದ ಇರುವುದಿಲ್ಲ. ಜಿಎಸ್‌ಟಿ ನೋಂದಣಿ ಇದ್ದವರು ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಹಾಕಿಕೊಂಡರೆ ತೆರಿಗೆ ಕಟ್ಟದೆ ರಫ್ತು ಮಾಡಬಹುದು. ಅದು ಆ ಹಣಕಾಸು ವರ್ಷಕ್ಕೆ ಮಾತ್ರ, ಪ್ರತಿ ವರ್ಷ ಹೊಸದು ಹಾಕಬೇಕು. ಐಇಸಿಯನ್ನೂ ಏಪ್ರಿಲ್‌ನಿಂದ ಜೂನ್ ಒಳಗೆ ಒಮ್ಮೆ ತೆರೆದು, ಏನೂ ಬದಲಾಗದಿದ್ದರೂ, ಸರಿ ಇದೆ ಅಂತ ದೃಢಪಡಿಸಬೇಕು. ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟುಕೊಳ್ಳಿ.

ಹತ್ತರಲ್ಲಿ ನಾನು ಕಡಿಮೆ ಕೊಟ್ಟ ಎರಡು ಅಂಕಗಳಲ್ಲಿ ಒಂದು ಆ 2 ಕೆ.ಜಿ. ಮಿತಿಗೆ. ಇನ್ನೊಂದು ಆ ಕಡೆಯ ತೆರಿಗೆಗೆ. ಇದು ನಮ್ಮ ಅಂಚೆಯವರ ತಪ್ಪಲ್ಲ, ಆದರೆ ಗಿರಾಕಿ ಬೈಯುವುದು ನಮ್ಮನ್ನೇ. ಯುರೋಪಿಯನ್ ಒಕ್ಕೂಟದಲ್ಲಿ 2021ರ ಜುಲೈನಿಂದ ಎಷ್ಟೇ ಸಣ್ಣ ಬೆಲೆಯ ಸಾಮಾನಾದರೂ ವ್ಯಾಟ್ ಉಂಟು. ನಾನು ಕಳಿಸುವ ರೀತಿಯಲ್ಲಿ ಅದನ್ನು ಅಲ್ಲಿ ಪಾರ್ಸೆಲ್ ಬಿಡಿಸಿಕೊಳ್ಳುವಾಗ ಗಿರಾಕಿಯೇ ಕಟ್ಟಬೇಕು, ಮೇಲೆ ಒಂದಿಷ್ಟು ಸೇವಾ ಶುಲ್ಕ. ಜರ್ಮನಿಯ ಒಬ್ಬ ಗಿರಾಕಿ "ಬೆಲೆಯಲ್ಲಿ ಎಲ್ಲ ಸೇರಿದೆ ಅಂದುಕೊಂಡಿದ್ದೆ" ಅಂತ ಬೇಸರದಿಂದ ಬರೆದಿದ್ದರು. ಅಂದಿನಿಂದ ಆರ್ಡರ್ ಒಪ್ಪುವ ಮುಂಚೆಯೇ ಎರಡು ಸಾಲು ಬರೆದು ಕಳಿಸುತ್ತೇನೆ: ನಿಮ್ಮ ದೇಶದ ತೆರಿಗೆ ಬೇರೆ, ಅದು ನಿಮ್ಮದು.

ಅಮೆರಿಕದ ಕಥೆ ಇನ್ನೊಂದು. 800 ಡಾಲರ್ ಒಳಗಿನ ಸಾಮಾನಿಗೆ ಅಲ್ಲಿ ಸುಂಕ ಇರಲಿಲ್ಲ. ಆ ರಿಯಾಯಿತಿ 2025ರ ಆಗಸ್ಟ್ ಕೊನೆಗೆ ಹೋಯಿತು. ಯಾರು ಸುಂಕ ವಸೂಲಿ ಮಾಡಬೇಕು ಅನ್ನೋದು ತಿಳಿಯಾಗದೆ ಅಂಚೆ ಇಲಾಖೆ ಅಲ್ಲಿಗೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಅಕ್ಟೋಬರ್ 15ರಿಂದ ಮತ್ತೆ ಶುರು. ಈಗ ಸುಂಕವನ್ನು ಬುಕ್ ಮಾಡುವಾಗ ಇಲ್ಲೇ ಕಟ್ಟಿಸಿಕೊಳ್ಳುತ್ತಾರೆ. ಗಿರಾಕಿಗೆ ಬಾಗಿಲಲ್ಲಿ ಕಿರಿಕಿರಿ ಇಲ್ಲ, ಅದು ಒಳ್ಳೆಯದೇ. ಆದರೆ ಹಳೆಯ ಬೆಲೆ ಹೇಳಿ ಕೂತರೆ ಸುಂಕ ನಮ್ಮ ಗಂಟಿನಿಂದಲೇ ಹೋಗುತ್ತದೆ. ಬುಕ್ ಮಾಡುವ ದಿನದ ದರ ನೋಡಿಯೇ ಮುಂದುವರಿಯಿರಿ.

ಹೊರಗಿರುವ ನಮ್ಮವರದು ಒಂದೇ ಬೇಡಿಕೆ: "ಅಕ್ಕಾ, ಕಸೂತಿ ಜೋಡಿ ಎರಡು ಡಬ್ಬಿ ಪೇಡಾ ಹಾಕ್ರಿ." ಆಸೆ ಅರ್ಥವಾಗುತ್ತದೆ, ಪೇಡಾಕ್ಕೆ ಹೆಸರಾದ ಲೈನ್ ಬಜಾರ್ ಕೂಗಳತೆಯಲ್ಲೇ ಇದೆ. ಹಾಕುವುದಿಲ್ಲ. ಹಾಲಿನ ಪದಾರ್ಥವನ್ನು ಯುರೋಪಿಯನ್ ಒಕ್ಕೂಟ ಪಾರ್ಸೆಲ್‌ನಲ್ಲಿ ಬಿಟ್ಟುಕೊಳ್ಳುವುದಿಲ್ಲ. ಪೇಡಾ ಹೋದರೆ ಹೋಗಲಿ, ಜೊತೆಗಿರುವ ಸ್ಟೋಲ್ ಕೂಡ ಸಿಕ್ಕಿಹಾಕಿಕೊಂಡರೆ?

ಹಾವೇರಿ ಕಡೆಯ ಸಂಬಂಧಿಕರು ಬ್ಯಾಡಗಿ ಮೆಣಸಿನಕಾಯಿ ಪುಡಿಯನ್ನೂ ಹೀಗೇ ಕಳಿಸಬಹುದಾ ಅಂತ ಕೇಳಿದರು. ಖಾರ ಕಡಿಮೆ, ಬಣ್ಣ ಜಾಸ್ತಿ, 2011ರಲ್ಲೇ ಜಿಐ (ಭೌಗೋಳಿಕ ಗುರುತು) ಸಿಕ್ಕಿದೆ, ಹೊರಗೆ ಬೇಡಿಕೆಯೂ ಇದೆ. ಆದರೆ ಮಸಾಲೆ ಪದಾರ್ಥ ರಫ್ತಿಗೆ ಸ್ಪೈಸಸ್ ಬೋರ್ಡ್ ನೋಂದಣಿ ಬೇಕು. ಅಫ್ಲಾಟಾಕ್ಸಿನ್ (ಬೂಷ್ಟಿನಿಂದ ಬರುವ ವಿಷ) ಥರದ ವಿಷಯಗಳಿಗೆ ಲ್ಯಾಬ್ ವರದಿ ಬೇಕು. ಲಕೋಟೆಯಲ್ಲಿ ಹಾಕಿ ಕಳಿಸುವ ವ್ಯಾಪಾರ ಅದಲ್ಲ. ಮೊದಲು ಬೋರ್ಡ್‌ನಲ್ಲಿ ವಿಚಾರಿಸಿ ಅಂದೆ.

ನವಲಗುಂದದ ಜಮಖಾನ ಮಾರುವವರೂ ಕೇಳಿದ್ದರು. ಸಣ್ಣ ಅಳತೆಯದನ್ನು ಮೊದಲು ಪ್ಯಾಕ್ ಮಾಡಿ ತೂಗಿ ನೋಡಿ. 2 ಕೆ.ಜಿ. ಒಳಗೆ ಬಂದರೆ ಇದೇ ದಾರಿ. ದೊಡ್ಡದಕ್ಕೆ ಸ್ಪೀಡ್ ಪೋಸ್ಟ್ ದರ ಕೇಳಿಕೊಂಡು, ಆಮೇಲೆ ಗಿರಾಕಿಗೆ ಬೆಲೆ ಹೇಳಿ.