ಆಚ್ಛಾದನೆ ವೀಕ್ಷಣೆಗೆ ಕ್ಯೂಎಚ್‌ವೈ174ಎಂ-ಜಿಪಿಎಸ್ ಕ್ಯಾಮೆರಾ: ಬಳಸಿ ನೋಡಿದ ಮೇಲೆ

ನೆಪ್ಚೂನ್‌ನಾಚೆಯ ಕಾಯವೊಂದು ನಕ್ಷತ್ರದ ಮುಂದೆ ಹಾದುಹೋಗುವಾಗ ಸಣ್ಣ ದೂರದರ್ಶಕದಲ್ಲಿ ಆ ಕಾಯ ಕಾಣಿಸುವುದೇ ಇಲ್ಲ. ನಕ್ಷತ್ರ ಕೆಲವು ಸೆಕೆಂಡು ಇಲ್ಲವಾಗಿ ಮತ್ತೆ ಬರುವುದಷ್ಟೇ ಕಾಣುತ್ತದೆ. ಇದೇ ಆಚ್ಛಾದನೆ. ನಕ್ಷತ್ರದ ಬೆಳಕಿನಲ್ಲಿ ಆ ಕಾಯದ ನೆರಳು ನೆಲದ ಮೇಲೆ ಸೆಕೆಂಡಿಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಓಡುವುದರಿಂದ, ಗಡಿಯಾರ ಅರ್ಧ ಸೆಕೆಂಡು ತಪ್ಪಿದರೂ ನಾವು ಅಳೆದ ಜ್ಯಾ (ಕಾಯದ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನಕ್ಷತ್ರ ಮರೆಯಾಗಿದ್ದ ಗೆರೆ) 10 ಕಿಲೋಮೀಟರ್ ಹಿಂದಕ್ಕೋ ಮುಂದಕ್ಕೋ ಸರಿದು, ಬೇರೆಡೆಯ ವೀಕ್ಷಕರ ಜ್ಯಾಗಳೊಂದಿಗೆ ಹೊಂದದೆ ಹೋಗುತ್ತದೆ. ಲ್ಯಾಪ್‌ಟಾಪ್‌ನ ಗಡಿಯಾರವನ್ನೇ ನಂಬಿ ಮಾಡಿದ ನನ್ನ ಮೊದಲ ಕೆಲವು ದಾಖಲೆಗಳು ಹೀಗೆಯೇ ವ್ಯರ್ಥವಾದವು. ಈ ಕ್ಯಾಮೆರಾ ಕೊಂಡದ್ದು ಆ ಕಾರಣಕ್ಕೆ.

ಇದರಲ್ಲಿರುವುದು ಸೋನಿಯ ಐಎಂಎಕ್ಸ್174 ಸೆನ್ಸರ್: 1920×1200 ಪಿಕ್ಸೆಲ್, ಒಂದೊಂದೂ 5.86 ಮೈಕ್ರಾನ್ ಅಗಲ. ಇದರ ಗ್ಲೋಬಲ್ ಶಟರ್ ನಮ್ಮ ಕೆಲಸಕ್ಕೆ ಬಹಳ ಮುಖ್ಯ, ಏಕೆಂದರೆ ಚಿತ್ರದ ಎಲ್ಲ ಸಾಲುಗಳೂ ಒಂದೇ ಕ್ಷಣದಲ್ಲಿ ತೆರೆದು ಒಂದೇ ಕ್ಷಣದಲ್ಲಿ ಮುಚ್ಚುತ್ತವೆ. ನಕ್ಷತ್ರ ಚೌಕಟ್ಟಿನ ಮೇಲಿದೆಯೋ ಕೆಳಗಿದೆಯೋ ಎಂದು ಲೆಕ್ಕ ಹಾಕಿ ಸಮಯವನ್ನು ತಿದ್ದುವ ತಾಪತ್ರಯವಿಲ್ಲ. ಪ್ರತಿ ಚೌಕಟ್ಟಿಗೂ ಜಿಪಿಎಸ್ ಸಮಯ ಕ್ಯಾಮೆರಾದೊಳಗೇ ಅಂಟುವುದರಿಂದ, ಯುಎಸ್‌ಬಿ ತಂತಿಯಲ್ಲಿ ಎಷ್ಟು ತಡವಾದರೂ ಚಿಂತೆಯಿಲ್ಲ.

ಆದರೆ ಆ ಸಮಯ ತಾನಾಗಿಯೇ ಸರಿಯಾಗಿ ಬರುವುದಿಲ್ಲ. ಸೆನ್ಸರ್‌ನ ಬಳಿ ಒಂದು ಪುಟ್ಟ ಎಲ್‌ಇಡಿ ಇದೆ. ಅದನ್ನು ಹೊತ್ತಿಸಿ, ಶಾರ್ಪ್‌ಕ್ಯಾಪ್ ಎಂಬ ಕ್ಯಾಮೆರಾ ತಂತ್ರಾಂಶದಲ್ಲಿ ಶಟರ್‌ನ ಆರಂಭ ಮತ್ತು ಅಂತ್ಯದ ಅಂಕಿಗಳನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಹೋದರೆ, ಪರದೆಯ ಅಂಚಿನಲ್ಲಿದ್ದ ಬೆಳಕು ಒಂದು ಹಂತದಲ್ಲಿ ಥಟ್ಟನೆ ಮಾಯವಾಗುತ್ತದೆ. ಶಟರ್ ತೆರೆಯುವ ಅಥವಾ ಮುಚ್ಚುವ ಗಳಿಗೆ ಅದೇ. ಎಕ್ಸ್‌ಪೋಶರ್ (ಒಂದು ಚಿತ್ರಕ್ಕೆ ಶಟರ್ ತೆರೆದಿರುವ ಅವಧಿ) ಬದಲಿಸಿದರೆ ಇಷ್ಟನ್ನೂ ಮತ್ತೆ ಮಾಡಬೇಕು. ಮೋಡ ಸರಿದ ಖುಷಿಯಲ್ಲಿ ಒಮ್ಮೆ ಅರ್ಧ ಸೆಕೆಂಡಿನಿಂದ ಕಾಲು ಸೆಕೆಂಡಿಗೆ ಇಳಿಸಿ, ಇದನ್ನು ಮರೆತುಬಿಟ್ಟೆ. ತಪ್ಪು ಪೂರ್ತಿ ನನ್ನದೇ.

ಯಾವುದೇ ಜಿಪಿಎಸ್ ಉಪಕರಣ ಬಳಸುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಜಿಪಿಎಸ್ ಸಮಯ ಈಗ ಜಗತ್ತೆಲ್ಲ ಬಳಸುವ ಪ್ರಮಾಣ ಸಮಯವಾದ ಯುಟಿಸಿಗಿಂತ 18 ಸೆಕೆಂಡು ಮುಂದಿದೆ. ಈ ವ್ಯತ್ಯಾಸದ ಮಾಹಿತಿಯನ್ನು ಉಪಗ್ರಹಗಳು 12.5 ನಿಮಿಷಕ್ಕೊಮ್ಮೆ ಪೂರ್ಣಗೊಳ್ಳುವ ಸಂದೇಶದಲ್ಲಿ ಕಳುಹಿಸುತ್ತವೆ. ಆದ್ದರಿಂದ ಆಂಟೆನಾವನ್ನು ತೆರೆದ ಆಕಾಶದ ಕೆಳಗಿಟ್ಟು ಕನಿಷ್ಠ ಕಾಲು ಗಂಟೆ ಕಾಯದೆ ದಾಖಲೆ ಶುರುಮಾಡುವುದು ಸಲ್ಲದು. 18 ಸೆಕೆಂಡಿನ ತಪ್ಪೆಂದರೆ ನೆರಳಿನ ಲೆಕ್ಕದಲ್ಲಿ 360 ಕಿಲೋಮೀಟರ್.

ಮಂದ ನಕ್ಷತ್ರಗಳ ವಿಷಯದಲ್ಲಿ ಮಾತ್ರ ನನಗೆ ಪೂರ್ಣ ತೃಪ್ತಿಯಿಲ್ಲ. ಹೊಸ ಪೀಳಿಗೆಯ ಸೆನ್ಸರ್‌ಗಳಿಗೆ ಹೋಲಿಸಿದರೆ ಐಎಂಎಕ್ಸ್174ರ ಓದು-ಗದ್ದಲ (ಪಿಕ್ಸೆಲ್‌ಗಳನ್ನು ಓದುವಾಗ ಸೇರಿಕೊಳ್ಳುವ ಏರುಪೇರು) ಹೆಚ್ಚು. ನಕ್ಷತ್ರ ಮಂದವಾದಷ್ಟೂ ಎಕ್ಸ್‌ಪೋಶರ್ ಉದ್ದವಾಗಬೇಕು, ಉದ್ದವಾದಷ್ಟೂ ಸೂಕ್ಷ್ಮ ವಿವರ ಕರಗುತ್ತದೆ. 2013ರ ಜೂನ್ 3ರಂದು, ಶನಿ ಮತ್ತು ಯುರೇನಸ್ ನಡುವೆ ಸುತ್ತುವ ಚಾರಿಕ್ಲೋ ಎಂಬ ಸಣ್ಣ ಕಾಯದ ಸುತ್ತಲಿನ ಎರಡು ಉಂಗುರಗಳು ಪತ್ತೆಯಾದದ್ದು ಇಂಥದ್ದೇ ಆಚ್ಛಾದನೆಯಲ್ಲಿ. ಅವುಗಳಲ್ಲಿ ದೊಡ್ಡದರ ಅಗಲ ಸುಮಾರು 7 ಕಿಲೋಮೀಟರ್, ಅಂದರೆ ಅದರ ನೆರಳು ದಾಟಲು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಒಂದು ಸೆಕೆಂಡಿನ ಎಕ್ಸ್‌ಪೋಶರ್‌ನಲ್ಲಿ ಅದು ಬೆಳಕಿನ ರೇಖೆಯ (ನಕ್ಷತ್ರದ ಬೆಳಕು ಸಮಯದೊಂದಿಗೆ ಬದಲಾಗುವುದನ್ನು ತೋರಿಸುವ ಗೆರೆಯ) ಮೇಲೊಂದು ಸಣ್ಣ ತಗ್ಗಾಗಿ ಉಳಿದೀತು, ಇಲ್ಲವೇ ಗದ್ದಲದಲ್ಲಿ ಮುಚ್ಚಿಹೋದೀತು.

ಕ್ಯಾಮೆರಾದ ಸಾಮರ್ಥ್ಯಕ್ಕೆ ದೊಡ್ಡ ಸಾಕ್ಷಿ ನೆಪ್ಚೂನ್‌ನಾಚೆಯ ಪುಟ್ಟ ಕಾಯ ಅರೋಕಾತ್. 2017ರ ಜುಲೈ 17ರಂದು ನಾಸಾದ ನ್ಯೂ ಹೊರೈಜನ್ಸ್ ನೌಕೆಯ ತಂಡ ಅರ್ಜೆಂಟೀನಾದಲ್ಲಿ ಸಾಲಾಗಿ ನಿಲ್ಲಿಸಿದ 24 ದೂರದರ್ಶಕಗಳಿಗೆ ಇದೇ ಮಾದರಿಯ ಕ್ಯಾಮೆರಾಗಳನ್ನು ಜೋಡಿಸಿತ್ತು. ಐದರಲ್ಲಿ ಮಾತ್ರ ನಕ್ಷತ್ರ ಮರೆಯಾಯಿತು. ಆ ಐದು ಜ್ಯಾಗಳನ್ನು ಜೋಡಿಸಿದಾಗಲೇ ಅರೋಕಾತ್ ಎರಡು ಹಾಲೆಗಳ (ಅಂಟಿಕೊಂಡ ಎರಡು ಉಂಡೆಗಳಂಥ ಭಾಗಗಳ) ಕಾಯವಿರಬಹುದೆಂಬ ಊಹೆ ಮೂಡಿತು. 2019ರ ಜನವರಿ 1ರಂದು ನೌಕೆ ಪಕ್ಕದಲ್ಲೇ ಹಾದು ಅದನ್ನು ಖಚಿತಪಡಿಸಿತು.

ಗ್ರಹಗಳ ಅಂದದ ಚಿತ್ರಕ್ಕಾಗಿ ಇದನ್ನು ಕೊಳ್ಳಬೇಕಾಗಿಲ್ಲ. ಬಣ್ಣವಿಲ್ಲ, ಜಿಪಿಎಸ್‌ಗೆ ಕೊಡುವ ಹಣವೂ ವ್ಯರ್ಥ. ವರ್ಷಕ್ಕೆ ಒಂದೆರಡು ಆಚ್ಛಾದನೆ ನೋಡುವವರು ಸಾಮಾನ್ಯ ಕ್ಯಾಮೆರಾಕ್ಕೆ ಪ್ರತ್ಯೇಕ ಜಿಪಿಎಸ್ ಸಮಯ-ಮುದ್ರಕ ಸೇರಿಸಿಕೊಂಡರೂ ನಡೆಯುತ್ತದೆ. ದೂರದ ಕಾಯಗಳನ್ನು ಬೆನ್ನುಹತ್ತಿ, ತಮ್ಮ ಅಳತೆ ಇತರರ ಅಳತೆಯೊಂದಿಗೆ ಸೇರಬೇಕೆಂದು ಬಯಸುವವರು ಕೊಳ್ಳಲಿ. ಬಂದ ದಿನವೇ ಎಲ್‌ಇಡಿ ಹೊಂದಾಣಿಕೆಯನ್ನು ಮನೆಯೊಳಗೆ ಹತ್ತಾರು ಬಾರಿ ಮಾಡಿ, ಎಕ್ಸ್‌ಪೋಶರ್‌ಗೊಂದರಂತೆ ಅಂಕಿಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಲಿ.